ದುಡಿಮೆಯ ಚರಿತ್ರೆಯನ್ನು ನೋಡುವ ಬಗೆ: ಬೆಂಗಳೂರಿನ ಹೊರವಲಯದ ಕಿರು ಸಂಗ್ರಹಾಲಯಗಳು

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಎಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಕೆಲಸದ ಪಾಳಿ, ಕಂಪನಿಯ ಬಸ್ಸು ಮತ್ತು ಸಂಜೆಯ ವಾಹನದಟ್ಟಣೆಯೇ ಹೊರತು ಚರಿತ್ರೆಯಲ್ಲ. ಈ ವಲಯಗಳಲ್ಲಿ ನೆಲೆಸಿರುವ ಲಕ್ಷಾಂತರ ಮಂದಿಯಲ್ಲಿ ಹೆಚ್ಚಿನವರು ಬೇರೆ ಜಿಲ್ಲೆಗಳಿಂದ, ಬೇರೆ ರಾಜ್ಯಗಳಿಂದ ಬಂದವರಾದ್ದರಿಂದ, ರಜೆ ದೊರೆತಾಗ ಅವರು ಊರಿಗೆ ಹೋಗುತ್ತಾರೆ, ಇಲ್ಲವೇ ಹಂಪಿ, ಬೇಲೂರು, ಮೈಸೂರುಗಳ ಕಡೆಗೆ ಹೊರಡುತ್ತಾರೆ. ತಾವು ದಿನನಿತ್ಯ ಓಡಾಡುವ ನೆಲಕ್ಕೂ ಒಂದು ಹಿಂದಿನ ಕಾಲವಿದೆ ಎಂಬುದನ್ನು ತೋರಿಸಿಕೊಡುವವರು ಅವರಿಗೆ ಸಿಗುವುದು ಅಪರೂಪ. ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುವುದು ಈ ವಲಯಗಳ ಒಳಗೂ ಅಂಚಿನಲ್ಲೂ ಇರುವ ಕೆಲವು ಕಿರು ಸಂಗ್ರಹಾಲಯಗಳು, ದೇವಾಲಯದ ಅಂಗಳದಲ್ಲಿ ನಿಂತ ಶಾಸನಗಳು ಮತ್ತು ಇಂದಿಗೂ ಕೈಕಸುಬು ನಡೆಯುತ್ತಿರುವ ಕುಶಲಕರ್ಮಿಗಳ ಊರುಗಳು. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಈ ಪ್ರದೇಶದ ಚರಿತ್ರೆ ಮುಖ್ಯವಾಗಿ ದುಡಿಮೆಯ ಚರಿತ್ರೆ, ಎಂದರೆ ಕಲ್ಲು ಕಡಿದವರ, ಕೆರೆ ಕಟ್ಟಿದವರ, ಮರ ಕಡೆದವರ, ಯಂತ್ರ ಜೋಡಿಸಿದವರ ಚರಿತ್ರೆ ಎಂಬುದು ಸ್ಪಷ್ಟವಾಗುತ್ತದೆ.

ಕಿರು ಸಂಗ್ರಹಾಲಯ ಎಂಬುದಕ್ಕೆ ಇಲ್ಲಿ ಒಂದು ಅರ್ಥವನ್ನು ಹೇಳಿಕೊಳ್ಳಬೇಕು. ದೊಡ್ಡ ವಸ್ತುಸಂಗ್ರಹಾಲಯಗಳು ನಾಡಿನ ಅಥವಾ ಜಗತ್ತಿನ ಬೇರೆಬೇರೆ ಕಡೆಗಳಿಂದ ಅಮೂಲ್ಯ ವಸ್ತುಗಳನ್ನು ತಂದು ಕಾಲಾನುಕ್ರಮದಲ್ಲಿ ಜೋಡಿಸುತ್ತವೆ. ಕಿರು ಸಂಗ್ರಹಾಲಯವಾದರೋ ಒಂದೇ ಸಂಸ್ಥೆಯ, ಒಂದೇ ಕಸುಬಿನ ಅಥವಾ ಒಂದೇ ಊರಿನ ಸಂಗತಿಯನ್ನು ಅದು ನಡೆದ ಜಾಗದಲ್ಲೇ ಹೇಳುತ್ತದೆ. ಅದರಲ್ಲಿರುವ ವಸ್ತುಗಳಿಗೆ ಮಾರುಕಟ್ಟೆಯಲ್ಲಿ ದೊಡ್ಡ ಬೆಲೆ ಇರಬೇಕಾಗಿಲ್ಲ. ಆ ವಸ್ತುವನ್ನು ತಯಾರಿಸಿದವರು ಅಥವಾ ಅವರ ಮಕ್ಕಳು ಪಕ್ಕದ ಬೀದಿಯಲ್ಲೇ ಇರುತ್ತಾರೆ ಎಂಬುದೇ ಅದರ ಬೆಲೆ.

ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಂತಿರುವ ಜಾಲಹಳ್ಳಿಯ ಎಚ್‌ಎಂಟಿ ಪರಂಪರೆ ಕೇಂದ್ರ ಇದಕ್ಕೆ ಉತ್ತಮ ನಿದರ್ಶನ. ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಎಂಬ ಕೇಂದ್ರ ಸರ್ಕಾರಿ ಉದ್ದಿಮೆ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದೊಂದಿಗೆ ಜಾಲಹಳ್ಳಿಯಲ್ಲಿ ಆರಂಭವಾಯಿತು. ಮೆಷಿನ್ ಟೂಲ್ ಎಂದರೆ ಬೇರೆ ಯಂತ್ರಗಳ ಬಿಡಿಭಾಗಗಳನ್ನು ತಯಾರಿಸುವ ಯಂತ್ರ. ಲೋಹದ ತುಂಡನ್ನು ತಿರುಗಿಸುತ್ತ ಉಳಿಯಿಂದ ಹೆರೆಯುವ ಲೇತ್, ತೂತು ಕೊರೆಯುವ ಡ್ರಿಲ್ಲಿಂಗ್ ಯಂತ್ರ, ಮೇಲ್ಮೈಯನ್ನು ಸಮ ಮಾಡುವ ಮಿಲ್ಲಿಂಗ್ ಯಂತ್ರ ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ಇವು ಇಲ್ಲದೆ ಪಂಪ್‌ಸೆಟ್ಟೂ ಇಲ್ಲ, ರೈಲಿನ ಗಾಲಿಯೂ ಇಲ್ಲ. ಆದ್ದರಿಂದಲೇ ಸ್ವಾತಂತ್ರ್ಯಾನಂತರದ ಯೋಜಕರು ಇಂಥ ಯಂತ್ರಗಳನ್ನು ದೇಶದಲ್ಲೇ ತಯಾರಿಸಬೇಕೆಂದು ಹಠ ಹಿಡಿದರು. ಮುಂದೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರದ ಕಾರ್ಖಾನೆಯೂ, 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಜೆಕೊಸ್ಲೊವಾಕಿಯದ ತಂತ್ರಜ್ಞಾನದಿಂದ ಟ್ರ್ಯಾಕ್ಟರ್ ತಯಾರಿಕೆಯೂ ಸೇರಿಕೊಂಡವು. ಈ ಮೂರೂ ಕವಲುಗಳ ಕಥೆಯನ್ನು ಹೇಳುವ ಪರಂಪರೆ ಕೇಂದ್ರ 2019ರಲ್ಲಿ, ಹಿಂದೆ ಕಂಪನಿಯ ಅಧಿಕಾರಿಯ ನಿವಾಸವಾಗಿದ್ದ, ಮರಗಳ ನಡುವಣ ಬಂಗಲೆಯಲ್ಲಿ ತೆರೆಯಿತು.

ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರನ್ನು ಹಿಡಿದು ನಿಲ್ಲಿಸುವುದು ಕೈಗಡಿಯಾರಗಳ ವಿಭಾಗ. ಜವಾಹರಲಾಲ್ ನೆಹರೂ ಅವರು ಬಿಡುಗಡೆ ಮಾಡಿದ ಜನತಾ, ಆಮೇಲೆ ಬಂದ ಪೈಲಟ್, ಸೋನಾ, ಕಾಂಚನ್, ಕೊಹಿನೂರ್, ದೃಷ್ಟಿಹೀನರು ಮುಟ್ಟಿ ಸಮಯ ತಿಳಿಯುವ ಬ್ರೈಲ್ ವಾಚು ಹೀಗೆ ಒಂದೊಂದು ಹೆಸರೂ ಒಂದೊಂದು ಮನೆಯ ನೆನಪನ್ನು ಕೆದಕುತ್ತದೆ. ಎಸ್ಸೆಸ್ಸೆಲ್ಸಿ ಪಾಸಾದಾಗ, ನೌಕರಿ ಸಿಕ್ಕಾಗ, ಮದುವೆಯಲ್ಲಿ ಅಳಿಯನಿಗೆ ಕೊಡುವಾಗ ಒಂದು ಎಚ್‌ಎಂಟಿ ವಾಚು ಎಂಬುದು ಕರ್ನಾಟಕದ ಮಧ್ಯಮವರ್ಗದ ಮನೆಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿಯಾಗಿತ್ತು. ಆದರೆ ನೆನಪಿನಲ್ಲೇ ತೃಪ್ತಿಪಟ್ಟು ಮುಂದಕ್ಕೆ ಹೋಗುವ ಸಂದರ್ಶಕ ಅಲ್ಲಿನ ಮುಖ್ಯ ಸಂಗತಿಯನ್ನು ಕಳೆದುಕೊಳ್ಳುತ್ತಾನೆ. ಕೀ ಕೊಡುವ ವಾಚಿನಲ್ಲಿ ಬ್ಯಾಟರಿ ಇರುವುದಿಲ್ಲ; ಕಿರೀಟವನ್ನು ತಿರುಗಿಸಿದಾಗ ಒಳಗಿನ ಉಕ್ಕಿನ ಪಟ್ಟಿಯೊಂದು ಸುರುಳಿ ಸುತ್ತಿಕೊಂಡು ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ, ಅದು ಬಿಚ್ಚಿಕೊಳ್ಳುವಾಗ ಹಲ್ಲಿನ ಚಕ್ರಗಳ ಸಾಲನ್ನು ತಿರುಗಿಸುತ್ತದೆ, ಆ ಸಾಲು ಒಮ್ಮೆಗೇ ಓಡಿಹೋಗದಂತೆ ಎಸ್ಕೇಪ್‌ಮೆಂಟ್ ಎಂಬ ತಡೆ ಹಾಗೂ ಅದಕ್ಕೆ ಸೇರಿದ ಬ್ಯಾಲೆನ್ಸ್ ಚಕ್ರ ಒಂದೊಂದೇ ಹಲ್ಲನ್ನು ಬಿಡುತ್ತ ಹೋಗುತ್ತವೆ. ಕಿವಿಗೆ ಹಿಡಿದಾಗ ಕೇಳಿಸುವ ಟಿಕ್ ಟಿಕ್ ಸದ್ದು ಈ ತಡೆಯದೇ. ಜನತಾ ವಾಚಿನಲ್ಲಿ ಅದು ಗಂಟೆಗೆ 18,000 ಬಾರಿ, ಎಂದರೆ ಸೆಕೆಂಡಿಗೆ ಐದು ಬಾರಿ ಬಡಿಯುತ್ತದೆ. ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುವ ವಾಚನ್ನು ಜನ ಕೆಟ್ಟ ವಾಚು ಎಂದು ಬೈಯಬಹುದು. ಲೆಕ್ಕ ಹಾಕಿದರೆ ಆ ತಪ್ಪು ಹತ್ತು ಸಾವಿರದಲ್ಲಿ ಮೂರೂವರೆ ಪಾಲು ಮಾತ್ರ.

ವಾಚಿನ ಮುಖದ ಮೇಲೆ ಅಚ್ಚಾಗಿರುವ "17 ಜ್ಯುಯೆಲ್ಸ್" ಎಂಬ ಮಾತನ್ನು ಓದಿದವರು ಬಹಳ, ಅರಿತವರು ಕಡಿಮೆ. ಚಕ್ರಗಳ ಸೂಜಿಯಂಥ ಅಚ್ಚುಗಳು ಲೋಹದ ತೂತಿನಲ್ಲಿ ವರ್ಷಗಟ್ಟಲೆ ತಿರುಗಿದರೆ ಸವೆದುಹೋಗುವುದರಿಂದ, ಆ ಜಾಗಗಳಲ್ಲಿ ಕೃತಕವಾಗಿ ತಯಾರಿಸಿದ ಮಾಣಿಕ್ಯದ ಹರಳುಗಳನ್ನು ಕೂರಿಸುತ್ತಾರೆ. ಹದಿನೇಳು ಎಂಬುದು ಆ ಹರಳುಗಳ ಸಂಖ್ಯೆ, ಅವು ಅಲಂಕಾರಕ್ಕೆ ಅಲ್ಲ, ಬಾಳಿಕೆಗೆ. ರಾಗಿ ಕಾಳಿಗಿಂತ ಚಿಕ್ಕದಾದ ತಿರುಪುಗಳನ್ನು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಚಿಮಟಿಯಿಂದ ಹಿಡಿದು ಜೋಡಿಸುವ ಕೆಲಸದಲ್ಲಿ ಜಾಲಹಳ್ಳಿಯಲ್ಲಿ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿದ್ದರು. ತಿಂಗಳ ಸಂಬಳ, ಕಂಪನಿಯ ಕಾಲೊನಿಯಲ್ಲಿ ಮನೆ, ಮಕ್ಕಳಿಗೆ ಶಾಲೆ ಇವನ್ನು ಆ ತಲೆಮಾರಿನ ಹೆಂಗಸರು ಸ್ವಂತ ದುಡಿಮೆಯಿಂದ ಪಡೆದರು ಎಂಬುದು ಗಡಿಯಾರದ ಕಥೆಗಿಂತ ಕಡಿಮೆಯ ಕಥೆಯಲ್ಲ. ಇಂಥ ಕಂಪನಿಗಳ ಸಂಗ್ರಹಾಲಯಗಳಲ್ಲಿ ಸಾಮಾನ್ಯವಾಗಿ ಉದ್ಘಾಟನೆಗೆ ಬಂದ ಗಣ್ಯರ ಚಿತ್ರಗಳಿಗೆ ಸಿಗುವಷ್ಟು ಗೋಡೆ ಕೆಲಸಗಾರರಿಗೆ ಸಿಗುವುದಿಲ್ಲ. ಆದ್ದರಿಂದ ಜಾಣ ಸಂದರ್ಶಕ ಹಳೆಯ ಚಿತ್ರಗಳಲ್ಲಿ ಹಿಂದಿನ ಸಾಲಿನಲ್ಲಿ ನಿಂತವರನ್ನೂ, ಅವರ ಕೈಯಲ್ಲಿರುವ ಉಪಕರಣವನ್ನೂ ಹುಡುಕಿ ನೋಡಬೇಕು.

ಕಥೆಯ ಕೊನೆಯ ಭಾಗ ನೋವಿನದು. ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ವಾಚುಗಳು ಮಾರುಕಟ್ಟೆಯನ್ನು ಆವರಿಸಿದವು. 1984ರಲ್ಲಿ ಸ್ಥಾಪನೆಯಾದ ಟೈಟನ್ ಕಂಪನಿ ಎಲೆಕ್ಟ್ರಾನಿಕ್ ಸಿಟಿಯಿಂದ ಆಚೆ, ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರಿನಲ್ಲಿ ಕಾರ್ಖಾನೆ ತೆರೆದು ವಾಚನ್ನು ಆಭರಣದಂತೆ ಮಾರಲು ಆರಂಭಿಸಿತು. ಎಚ್‌ಎಂಟಿ ಆ ಓಟದಲ್ಲಿ ಹಿಂದೆ ಬಿದ್ದು, 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಅದರ ವಾಚು ಉದ್ದಿಮೆಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಆದರೂ ಜಾಲಹಳ್ಳಿ ಕಲಿಸಿದ್ದು ಜಾಲಹಳ್ಳಿಯೊಂದಿಗೇ ಮುಗಿಯಲಿಲ್ಲ. ಎಚ್‌ಎಂಟಿ, ಬಿಇಎಲ್, ಐಟಿಐ, ಎಚ್‌ಎಎಲ್‌ಗಳಂಥ ಸಾರ್ವಜನಿಕ ಉದ್ದಿಮೆಗಳಲ್ಲಿ ತರಬೇತಿ ಪಡೆದವರು, ಅವುಗಳಿಗೆ ಬಿಡಿಭಾಗ ಪೂರೈಸುತ್ತಿದ್ದವರು ಪೀಣ್ಯದಲ್ಲಿ ಸಣ್ಣ ಸಣ್ಣ ವರ್ಕ್‌ಷಾಪುಗಳನ್ನು ಕಟ್ಟಿದರು. ಇಂದು ಆ ಪ್ರದೇಶದ ಅಡ್ಡರಸ್ತೆಗಳಲ್ಲಿ ಕಂಪ್ಯೂಟರ್ ನಿಯಂತ್ರಿತ ಲೇತುಗಳ ಮುಂದೆ ನಿಂತ ಯುವಕರ ಕೈಗೆ ಬಂದಿರುವ ಅಳತೆಯ ಶಿಸ್ತು ಅದೇ ಬೇರಿನದು. ಪೀಣ್ಯದಲ್ಲಿ ದುಡಿಯುವವರು ಕುಟುಂಬ ಸಮೇತ ಈ ಕೇಂದ್ರಕ್ಕೆ ಬಂದು ಹಳೆಯ ಲೇತಿನ ಮುಂದೆ ಮಕ್ಕಳಿಗೆ ತಮ್ಮ ಕೆಲಸವನ್ನು ವಿವರಿಸುವಂಥ ಅವಕಾಶ ಯಾವ ಅರಮನೆಯಲ್ಲೂ ಇಲ್ಲ.

ಇತರ ದೇಶಗಳಲ್ಲಿ ಕೈಗಾರಿಕೆಯ ನೆನಪನ್ನು ಜೋಪಾನ ಮಾಡುವ ಈ ಪರಿಪಾಠಕ್ಕೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಇಂಗ್ಲೆಂಡಿನ ಐರನ್‌ಬ್ರಿಜ್‌ನಲ್ಲಿ, 1779ರಲ್ಲಿ ಕಟ್ಟಿದ ಕಬ್ಬಿಣದ ಸೇತುವೆಯ ಸುತ್ತಲ ಕುಲುಮೆ, ಕಾರ್ಖಾನೆಗಳನ್ನು ಉಳಿಸಲು 1967ರಲ್ಲೇ ಒಂದು ಟ್ರಸ್ಟ್ ರಚನೆಯಾಯಿತು. ಗಡಿಯಾರ ತಯಾರಿಕೆಯಿಂದಲೇ ಬೆಳೆದ ಸ್ವಿಟ್ಜರ್ಲೆಂಡಿನ ಲಾ ಶೋ ದ ಫೋಂ ಮತ್ತು ಲ ಲೋಕ್ಲ್ ಪಟ್ಟಣಗಳನ್ನು ಯುನೆಸ್ಕೊ 2009ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜಾಲಹಳ್ಳಿಯ ಬಂಗಲೆ ಅಳತೆಯಲ್ಲಿ ಚಿಕ್ಕದಾದರೂ ಅದೇ ಚಿಂತನೆಗೆ ಸೇರಿದ್ದು.

ವೈಟ್‌ಫೀಲ್ಡಿಗೆ ಹೋಗುವ ಹಾದಿಯಲ್ಲಿ, ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಎಚ್‌ಎಎಲ್ ಪರಂಪರೆ ಕೇಂದ್ರ ಮತ್ತು ವೈಮಾನಿಕ ಸಂಗ್ರಹಾಲಯ 2001ರಿಂದ ನಡೆಯುತ್ತಿದ್ದು, ಶಾಲಾ ಮಕ್ಕಳ ಪ್ರವಾಸದಿಂದಾಗಿ ಹೆಚ್ಚು ಪರಿಚಿತವಾಗಿದೆ. ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಆರಂಭಿಸಿದ ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿ, ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ–2 ತರಬೇತಿ ವಿಮಾನ 1951ರ ಆಗಸ್ಟಿನಲ್ಲೂ, ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮಾರ್ಗದರ್ಶನದಲ್ಲಿ ಸಿದ್ಧವಾದ ಮಾರುತ್ ಯುದ್ಧವಿಮಾನ 1961ರ ಜೂನಿನಲ್ಲೂ ಮೊದಲ ಬಾರಿ ಹಾರಿದವು. ಮಕ್ಕಳು ಬಯಲಿನಲ್ಲಿ ನಿಂತ ವಿಮಾನಗಳ ಕಡೆಗೆ ಓಡುವುದು ಸಹಜ. ದೊಡ್ಡವರು ಮಾತ್ರ ಒಳಗಿನ ಎಂಜಿನ್‌ಗಳ ಮುಂದೆ ತಾಳ್ಮೆಯಿಂದ ನಿಲ್ಲಬೇಕು, ಏಕೆಂದರೆ ಹೊರಕವಚವನ್ನು ಒಂದು ಬದಿಯಲ್ಲಿ ಕತ್ತರಿಸಿ ತೆಗೆದ ಎಂಜಿನ್‌ನಲ್ಲಿ ಗಾಳಿ ಎಲ್ಲಿ ಒಳಬರುತ್ತದೆ, ಎಲ್ಲಿ ಒತ್ತಡಕ್ಕೆ ಸಿಕ್ಕಿ ಇಂಧನದೊಂದಿಗೆ ಉರಿಯುತ್ತದೆ, ಎಲ್ಲಿಂದ ಹೊರಚಿಮ್ಮುತ್ತದೆ ಎಂಬುದನ್ನು ಬೆರಳಿಟ್ಟು ತೋರಿಸಬಹುದು.

ಈ ವಲಯಗಳ ಇನ್ನೂ ಹಳೆಯ ಚರಿತ್ರೆ ಇರುವುದು ಕಲ್ಲಿನಲ್ಲಿ. ವೈಟ್‌ಫೀಲ್ಡಿನ ನೇರಳೆ ಮಾರ್ಗದ ಮೆಟ್ರೊದಲ್ಲಿ 2023ರಿಂದ ಓಡಾಡುತ್ತಿರುವವರು ಪಟ್ಟಂದೂರು ಅಗ್ರಹಾರ ಎಂಬ ನಿಲ್ದಾಣದ ಹೆಸರನ್ನು ದಿನವೂ ಕೇಳುತ್ತಾರೆ. ಕಾಡುಗೋಡಿಯ ಕಾಶಿ ವಿಶ್ವೇಶ್ವರ ದೇವಾಲಯದಲ್ಲಿ, ರಾಜೇಂದ್ರ ಚೋಳನ ಕಾಲಕ್ಕೆ ಸೇರಿದ, 1043ರ ತಮಿಳು ಶಾಸನವೊಂದು ಸ್ಥಳೀಯ ಗಾವುಂಡ ಮನೆತನದವನೊಬ್ಬ ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ, ತೂಬು ಇರಿಸಿ, ದೇವತೆಗಳನ್ನು ಪ್ರತಿಷ್ಠಾಪಿಸಿದ್ದನ್ನು ದಾಖಲಿಸುತ್ತದೆ. ಗಾವುಂಡ ಎಂದರೆ ಊರಿನ ಮುಖ್ಯಸ್ಥ. ತೂಬು ಎಂದರೆ ಕೆರೆಯ ನೀರನ್ನು ಬೇಕಾದಷ್ಟೇ ಗದ್ದೆಗೆ ಬಿಡುವ, ಏರಿಯೊಳಗಿನ ಕಲ್ಲಿನ ಕಂಡಿ. ಸಾವಿರ ವರ್ಷಗಳ ಹಿಂದೆ ಈ ನೆಲದಲ್ಲಿ ನೀರಿನ ಎಂಜಿನಿಯರಿಂಗ್ ತಿಳಿದವರು ಇದ್ದರು ಎಂಬುದಕ್ಕೆ, ಟ್ಯಾಂಕರ್ ನೀರಿನ ಲೆಕ್ಕ ಬರೆಯುವ ಇಂದಿನ ಅಪಾರ್ಟ್‌ಮೆಂಟುಗಳ ನಡುವೆಯೇ ಸಾಕ್ಷಿಯಿದೆ.

ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಬಂದರೆ ಬೇಗೂರು ಸಿಗುತ್ತದೆ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಆರ್. ಕೆ. ಬಾಳಿಗರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸುವುದಕ್ಕೆ ಸುಮಾರು ಸಾವಿರದ ನೂರು ವರ್ಷಗಳ ಹಿಂದೆಯೇ, ಗಂಗರ ಆಳ್ವಿಕೆಯಲ್ಲಿ ಬೇಗೂರು ಒಂದು ಆಡಳಿತ ಕೇಂದ್ರವಾಗಿತ್ತು. ಅಲ್ಲಿನ ನಾಗನಾಥೇಶ್ವರ ದೇವಾಲಯ ಸಮುಚ್ಚಯದಲ್ಲಿರುವ, ಸುಮಾರು 890ರ ವೀರಗಲ್ಲಿನ ಶಾಸನದಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವಿದ್ದು, ಅದರಲ್ಲಿ ಬುಟ್ಟಣಸೆಟ್ಟಿ ಎಂಬಾತ ಮಡಿದನೆಂದು ಹೇಳಲಾಗಿದೆ. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟುವುದಕ್ಕೆ ಆರು ಶತಮಾನಗಳಿಗೂ ಮೊದಲೇ ಬೆಂಗಳೂರು ಎಂಬ ಊರು ಇತ್ತು ಎಂಬುದನ್ನು ಸ್ಥಾಪಿಸಿದ್ದು ಈ ಒಂದು ಕಲ್ಲು. ನಾಡಿನ ರಾಜಧಾನಿಯ ಹೆಸರು ಮೊದಲು ಕಾಣಿಸಿಕೊಳ್ಳುವ ದಾಖಲೆ ಯಾವ ಭಂಡಾರದಲ್ಲೂ ಇಲ್ಲದೆ, ನಿತ್ಯ ಪೂಜೆ ನಡೆಯುವ ಗುಡಿಯ ಅಂಗಳದಲ್ಲಿದೆ ಎಂಬುದನ್ನು ಬೆಂಗಳೂರಿನ ಪ್ರತಿ ಶಾಲೆಯ ಮಕ್ಕಳೂ ಕಣ್ಣಾರೆ ನೋಡಬೇಕು.

ವೀರಗಲ್ಲು ಎಂದರೆ ಊರನ್ನೋ ದನಗಳನ್ನೋ ಹೆಣ್ಣುಮಕ್ಕಳನ್ನೋ ಕಾಯುವಾಗ ಅಥವಾ ಒಡೆಯನಿಗಾಗಿ ಕಾದಾಡುವಾಗ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಮುಂದಿನ ಕಾಲದ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ: ಕೆಳಗಡೆ ಯುದ್ಧ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲ್ಗಡೆ ಅವನು ದೇವರ ಸನ್ನಿಧಿಯಲ್ಲಿ ಕುಳಿತ ದೃಶ್ಯ; ಆದ್ದರಿಂದ ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಗಂಗರ ಕಾಲದ ಕಲ್ಲುಗಳಲ್ಲಿ ಈ ವಿಂಗಡಣೆ ಇನ್ನೂ ಗಟ್ಟಿಯಾಗಿರದೆ, ಇಡೀ ಕಲ್ಲನ್ನು ಒಂದೇ ಕದನ ತುಂಬಿಕೊಂಡಿರುವುದೂ ಉಂಟು. ಬೇಗೂರಿನ ನಾಗತ್ತರ ಎಂಬ ಅಧಿಕಾರಿ ಆನೆಗಳ ನಡುವೆ ಹೋರಾಡಿ ಮಡಿದದ್ದನ್ನು ತೋರಿಸುವ ಪ್ರಸಿದ್ಧ ವೀರಗಲ್ಲು ಅಂಥದು. ಆನೆ, ಕುದುರೆ, ಬಿಲ್ಲಾಳು, ಬಿದ್ದ ಹೆಣಗಳಿಂದ ಕಿಕ್ಕಿರಿದ ಆ ಕಲ್ಲನ್ನು ಬೇಗೂರಿನಿಂದ ತೆಗೆದು, 1865ರಲ್ಲಿ ಆರಂಭವಾದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಯಿತು. ಒಂದೇ ಊರಿನ ಎರಡು ಕಲ್ಲುಗಳಲ್ಲಿ ಒಂದು ನಗರದ ಕಟ್ಟಡದಲ್ಲಿ ಕ್ಷೇಮವಾಗಿಯೂ ಇನ್ನೊಂದು ನಿಂತ ನೆಲದಲ್ಲೇ ಅಪಾಯಗಳ ನಡುವೆಯೂ ಉಳಿದಿರುವುದು, ಪರಂಪರೆಯ ಸಂರಕ್ಷಣೆಯಲ್ಲಿ ಯಾವಾಗಲೂ ಕಾಡುವ ಪ್ರಶ್ನೆಯನ್ನು ಎತ್ತಿ ತೋರುತ್ತದೆ. ಅಪಾಯವಿಲ್ಲದ ಕಡೆಗೆಲ್ಲ ಕಲ್ಲುಗಳನ್ನು ಸಾಗಿಸುತ್ತ ಹೋದರೆ ಊರುಗಳು ಬರಿದಾಗುತ್ತವೆ. ಊರಿನವರಿಗೆ ಆ ಕಲ್ಲಿನ ಬೆಲೆ ತಿಳಿದಿದ್ದರೆ ಅಲ್ಲೇ ಉಳಿಸುವುದು ಮೇಲು.

ಕಲ್ಲಿನ ಬೆಲೆ ತಿಳಿಯದಿದ್ದಲ್ಲಿ ಆಗುವ ಹಾನಿ ಹೆಚ್ಚಾಗಿ ಭಕ್ತಿಯಿಂದಲೂ ಉತ್ಸಾಹದಿಂದಲೂ ಆಗುವುದು. ಶಾಸನದ ಮೇಲೆ ಸುಣ್ಣ ಬಳಿಯುವುದು, ಎಣ್ಣೆ ಬಣ್ಣ ಹಚ್ಚುವುದು, ಅಕ್ಷರ ಕಾಣಲೆಂದು ಸೀಮೆಸುಣ್ಣ ತೀಡುವುದು ಅಥವಾ ತಂತಿಯ ಬ್ರಷ್ಷಿನಿಂದ ಉಜ್ಜುವುದು ಸಾವಿರ ವರ್ಷ ಉಳಿದ ಗೆರೆಗಳನ್ನು ಒಂದೇ ಮಧ್ಯಾಹ್ನದಲ್ಲಿ ಮಂಕಾಗಿಸಬಲ್ಲುದು. ಅಕ್ಷರ ಚೆನ್ನಾಗಿ ಕಾಣಬೇಕಾದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಹೋಗಬೇಕು, ಇಲ್ಲವೇ ಮೊಬೈಲಿನ ಟಾರ್ಚನ್ನು ಕಲ್ಲಿಗೆ ಬಹುತೇಕ ಸಮಾನಾಂತರವಾಗಿ ಹಿಡಿಯಬೇಕು. ಆಗ ತಗ್ಗಿನಲ್ಲಿ ನೆರಳು ಬಿದ್ದು ಗೆರೆಗಳು ತಾವಾಗಿ ಎದ್ದು ಕಾಣುತ್ತವೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ 1905ರಲ್ಲಿ ಪ್ರಕಟವಾದ ಬೆಂಗಳೂರು ಜಿಲ್ಲೆಯ ಸಂಪುಟ ಈ ಭಾಗದ ಶಾಸನಗಳ ಮೊದಲ ದೊಡ್ಡ ಸಂಗ್ರಹವಾದರೆ, 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ಡಿಜಿಟಲ್ ರೂಪದಲ್ಲಿ ಉಳಿಸುವ ಕೆಲಸ ಮಾಡುತ್ತಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಸ್ಕ್ಯಾನ್‌ನಲ್ಲಿ ಓದಲು ಸಿಗುವುದರಿಂದ, ತಂತ್ರಜ್ಞಾನದ ನಗರ ತನ್ನ ಚರಿತ್ರೆಗೆ ಸಲ್ಲಿಸಬಹುದಾದ ಸೇವೆಗಳಲ್ಲಿ ಇದು ಬಹಳ ದೊಡ್ಡದು.

ಕಲ್ಲಿನ ಕೆಲಸ ಇಂದಿಗೂ ಜೀವಂತವಾಗಿರುವುದನ್ನು ನೋಡಬಯಸುವವರು ವೈಟ್‌ಫೀಲ್ಡಿನಿಂದ ಮಾಲೂರಿನ ಕಡೆಗೆ ಹೊರಟು ಶಿವಾರಪಟ್ಟಣವನ್ನು ಸೇರಬಹುದು. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಈ ಊರು ಶಿಲ್ಪಿಗಳ ಊರೆಂದೇ ಹೆಸರಾಗಿದ್ದು, ದೇವಾಲಯಗಳಿಗೆ ಬೇಕಾದ ವಿಗ್ರಹಗಳನ್ನು ಇಲ್ಲಿ ಕಲ್ಲಿನಲ್ಲಿ ಕಡೆಯುವವರೂ ಲೋಹದಲ್ಲಿ ಎರಕ ಹೊಯ್ಯುವವರೂ ಇದ್ದಾರೆ. ಇಲ್ಲಿ ಪ್ರವೇಶಪತ್ರವಿಲ್ಲ, ಫಲಕಗಳಿಲ್ಲ. ಮನೆಯ ಮುಂದಿನ ಚಪ್ಪರವೇ ಪ್ರದರ್ಶನಾಲಯ. ಶಿಲ್ಪಶಾಸ್ತ್ರದಲ್ಲಿ ವಿಗ್ರಹದ ಅಳತೆಯನ್ನು ತಾಳಮಾನ ಎನ್ನುತ್ತಾರೆ: ವಿಗ್ರಹದ ಮುಖದ ಉದ್ದವೇ ಒಂದು ತಾಳ, ಅದರ ಹನ್ನೆರಡನೆಯ ಒಂದು ಭಾಗ ಅಂಗುಲ, ಒಂಬತ್ತು ತಾಳದ ವಿಗ್ರಹವಾದರೆ ಒಟ್ಟು 108 ಅಂಗುಲ. ಅಂಗುಲವೆಂಬುದು ಇಲ್ಲಿ ಸ್ಕೇಲಿನ ಇಂಚಲ್ಲ, ಆಯಾ ವಿಗ್ರಹದ ಒಳಗಿನಿಂದಲೇ ಹುಟ್ಟುವ ಅಳತೆಯಾದ್ದರಿಂದ, ಗೇಣುದ್ದದ ಗಣಪತಿಗೂ ಆಳೆತ್ತರದ ಗಣಪತಿಗೂ ಅದೇ ಸೂತ್ರ ಹೊಂದುತ್ತದೆ. ಸುತ್ತಿಗೆ ಮತ್ತು ಚಾಣದ ಪೆಟ್ಟು ಬಿದ್ದಲ್ಲೆಲ್ಲ ಕೃಷ್ಣಶಿಲೆ ಬೂದು ಬಣ್ಣಕ್ಕೆ ಕಾಣುತ್ತದೆ. ಉಜ್ಜಿ ನುಣುಪು ಮಾಡಿ ಎಣ್ಣೆ ಹಚ್ಚಿದ ಮೇಲಷ್ಟೇ ಅದರ ಕರಿ ಬಣ್ಣ ಹೊಮ್ಮುತ್ತದೆ. ಆದ್ದರಿಂದ ಅರ್ಧ ಮುಗಿದ ವಿಗ್ರಹವನ್ನು ನೋಡಿದವನಿಗೆ ಮಾತ್ರ ಕೈ ಎಲ್ಲಿಯವರೆಗೆ ಬಂದಿದೆ ಎಂಬುದು ತಿಳಿಯುತ್ತದೆ. ಕಣ್ಣು ತೆರೆಸುವ ನೇತ್ರೋನ್ಮೀಲನವನ್ನು ಕೊನೆಗೆ, ಶಾಸ್ತ್ರೋಕ್ತವಾಗಿ ನೆರವೇರಿಸುತ್ತಾರೆ. ವಿದ್ಯುತ್ ಕಟರ್‌ಗಳು ಬಂದ ಮೇಲೆ ಕಲ್ಲಿನ ಹುಡಿ ಹಿಂದಿಗಿಂತ ಹೆಚ್ಚಾಗಿ ಏಳುವುದರಿಂದ ಸಂದರ್ಶಕರು ಸ್ವಲ್ಪ ದೂರ ನಿಲ್ಲುವುದು, ಕೆಲಸದ ಭರದಲ್ಲಿರುವವರನ್ನು ಫೋಟೊಗಾಗಿ ತಡೆಯದಿರುವುದು ಒಳ್ಳೆಯದು.

ಮರದ ಕೆಲಸಕ್ಕೆ ಚನ್ನಪಟ್ಟಣಕ್ಕೇ ಹೋಗಬೇಕು. ಎಲೆಕ್ಟ್ರಾನಿಕ್ ಸಿಟಿಯಿಂದಲೂ ಪೀಣ್ಯದ ಆಚೆಯ ತುಮಕೂರು ರಸ್ತೆಯಿಂದಲೂ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಸೇರಿಕೊಂಡರೆ ನಗರದೊಳಗಿನ ದಟ್ಟಣೆಯನ್ನು ತಪ್ಪಿಸಬಹುದು. ದಾರಿಯಲ್ಲಿ ರಾಮನಗರದ ಬಳಿ, ಜಾನಪದ ವಿದ್ವಾಂಸರೂ ಐಎಎಸ್ ಅಧಿಕಾರಿಯೂ ಆಗಿದ್ದ ಎಚ್. ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತಿನ ಮೂಲಕ ಕಟ್ಟಿ 1994ರಲ್ಲಿ ಸಾರ್ವಜನಿಕರಿಗೆ ತೆರೆದ ಜಾನಪದ ಲೋಕವಿದೆ. ನೊಗ, ನೇಗಿಲು, ಸೇರು, ಬಳ್ಳ, ತೊಗಲುಗೊಂಬೆ, ಸೋಮನ ಮುಖವಾಡಗಳನ್ನು ಸಾಲಾಗಿ ಇಟ್ಟಿರುವ ಈ ಜಾಗಕ್ಕೆ ಅಜ್ಜ ಅಜ್ಜಿಯರನ್ನು ಕರೆದುಕೊಂಡು ಹೋಗುವುದು ಅತ್ಯುತ್ತಮ, ಏಕೆಂದರೆ ಅಲ್ಲಿನ ಎಷ್ಟೋ ವಸ್ತುಗಳನ್ನು ಕೈಯಾರೆ ಬಳಸಿದವರು ಅವರೇ.

ಚನ್ನಪಟ್ಟಣದ ಗೊಂಬೆಗಳ ಕಸುಬು ಟಿಪ್ಪುಸುಲ್ತಾನನ ಕಾಲದಲ್ಲಿ ಪರ್ಷಿಯದ ಕುಶಲಿಗರಿಂದ ಬಂದಿತೆಂಬುದು ಪ್ರಚಲಿತ ನಂಬಿಕೆ; ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಎಂಬುವರು ಜಪಾನಿನ ಗೊಂಬೆ ತಯಾರಿಕೆಯ ವಿಧಾನಗಳನ್ನು ಅಳವಡಿಸಿದರೆಂದು ಕಸುಬಿನವರು ಅವರನ್ನು ನೆನೆಯುತ್ತಾರೆ. ಒಂದು ಊರಿಗೆ ವಿಶಿಷ್ಟವಾದ ಉತ್ಪನ್ನದ ಹೆಸರನ್ನು ಬೇರೆಯವರು ಬಳಸದಂತೆ ಕಾಯುವ ಭೌಗೋಳಿಕ ಸೂಚಿ ಮಾನ್ಯತೆ ಈ ಗೊಂಬೆಗಳಿಗೆ 2005–06ರ ಸಾಲಿನಲ್ಲಿ ದೊರೆಯಿತು. ಊರಿನ ಕಲಾನಗರ ಬಡಾವಣೆಯಲ್ಲೂ ಸುತ್ತಲಿನ ವರ್ಕ್‌ಷಾಪುಗಳಲ್ಲೂ ಕೆಲಸ ನಡೆಯುವಾಗ ನಿಂತು ನೋಡಿದರೆ ಆಶ್ಚರ್ಯವಾಗುತ್ತದೆ. ಹಾಲೆ ಮರದ, ಎಂದರೆ ಎಳೆಗಳು ಒತ್ತಾಗಿರುವ, ಬಿಳಿ ಬಣ್ಣದ, ಮೆದುವಾದ ಮರದ ತುಂಡನ್ನು ತಿಂಗಳುಗಟ್ಟಲೆ ಒಣಗಿಸಿ, ಲೇತಿಗೆ ಸಿಕ್ಕಿಸಿ, ಉಳಿಯನ್ನು ಒತ್ತಿಹಿಡಿದಾಗ ಸಿಪ್ಪೆ ಸುರುಳಿಯಾಗಿ ಹಾರುತ್ತ ಗೊಂಬೆಯ ತಲೆಯೋ ಬುಗುರಿಯ ಹೊಟ್ಟೆಯೋ ಮೂಡುತ್ತದೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತುತ್ತಾರೆ. ಅರಗು ಎಂದರೆ ಮರಗಳ ಮೇಲೆ ಬದುಕುವ ಒಂದು ಬಗೆಯ ಕೀಟ ಸ್ರವಿಸುವ ರಾಳ. ಬೆಂಕಿಯಿಲ್ಲ, ಕುಂಚವಿಲ್ಲ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರದ ಮೇಲೆ ಪಟ್ಟೆಯಾಗಿ ಹರಡಿಕೊಳ್ಳುತ್ತದೆ. ಕೊನೆಗೆ ಕೇದಗೆಯ ಒಣ ಎಲೆಯನ್ನು ಒತ್ತಿಹಿಡಿದರೆ ಆ ಪಟ್ಟೆ ಸಮನಾಗಿ ಕೂತು ಹೊಳಪು ಬರುತ್ತದೆ. ಜಾಲಹಳ್ಳಿಯಲ್ಲಿ ಲೋಹವನ್ನು ಕಡೆದ ಲೇತಿಗೂ ಇಲ್ಲಿನ ಲೇತಿಗೂ ತತ್ತ್ವ ಒಂದೇ, ಎಂದರೆ ವಸ್ತು ತಿರುಗಬೇಕು, ಉಳಿ ನಿಲ್ಲಬೇಕು. ಪೀಣ್ಯದ ಲೇತ್ ಆಪರೇಟರ್ ಚನ್ನಪಟ್ಟಣದ ಕುಶಲಕರ್ಮಿಯ ಪಕ್ಕದಲ್ಲಿ ಕುಳಿತರೆ ಇಬ್ಬರಿಗೂ ಪರಸ್ಪರರ ಕೆಲಸ ಅರ್ಥವಾಗುವುದಕ್ಕೆ ಹೆಚ್ಚು ಹೊತ್ತು ಬೇಕಾಗದು.

ಈ ವಿಧಾನವನ್ನು ಒಮ್ಮೆ ನೋಡಿದವರಿಗೆ ಕೊಳ್ಳುವಾಗಲೂ ಅದು ನೆರವಾಗುತ್ತದೆ. ಅರಗಿನ ಬಣ್ಣ ತಿರುಗುವ ಮರಕ್ಕೆ ಮಾತ್ರ ಹತ್ತುವುದರಿಂದ, ಸಾಂಪ್ರದಾಯಿಕ ಗೊಂಬೆಯ ಭಾಗಗಳೆಲ್ಲ ಗುಂಡು, ಉರುಳೆ ಅಥವಾ ಬಟ್ಟಲಿನ ಆಕಾರದಲ್ಲಿರುತ್ತವೆ ಮತ್ತು ಬಣ್ಣದ ಗೆರೆಗಳು ಸುತ್ತುವರಿದು ಹೋಗಿರುತ್ತವೆ. ಚಪ್ಪಟೆ ಮೈಯ ಮೇಲೆ ಕುಂಚದ ಗುರುತು ಕಾಣುವ, ಪೇಂಟಿನ ವಾಸನೆ ಹೊಡೆಯುವ ಆಟಿಕೆ ಬೇರೆ ಬಗೆಯದು. ಎಳೆಯ ಮಕ್ಕಳು ಬಾಯಿಗೆ ಹಾಕುವ ವಸ್ತುವಾದ್ದರಿಂದ, ಯಾವ ಬಣ್ಣ ಬಳಸಿದ್ದಾರೆಂದು ಅಂಗಡಿಯವರನ್ನು ನೇರವಾಗಿ ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ಸಾಧ್ಯವಾದರೆ ತಯಾರಿಸಿದವರಿಂದಲೇ ಕೊಳ್ಳುವುದು, ಅರ್ಧ ದಿನದ ದುಡಿಮೆಯ ಮೇಲೆ ಹತ್ತು ರೂಪಾಯಿಗಾಗಿ ಚೌಕಾಶಿ ಮಾಡದಿರುವುದು ಪ್ರವಾಸಿ ತೋರಬಹುದಾದ ಕನಿಷ್ಠ ಗೌರವ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೇಲೆ ರಾಮನಗರ ಮತ್ತು ಚನ್ನಪಟ್ಟಣ ಪಟ್ಟಣಗಳು ಬೈಪಾಸಿನ ಆಚೆಗೆ ಉಳಿದಿವೆ. ಮೊದಲು ಮೈಸೂರಿಗೆ ಹೋಗುವ ವಾಹನಗಳೆಲ್ಲ ಹೆದ್ದಾರಿಯ ಪಕ್ಕದ ಗೊಂಬೆ ಅಂಗಡಿಗಳ ಮುಂದೆಯೇ ಹಾದುಹೋಗುತ್ತಿದ್ದವು, ಮಕ್ಕಳು ಹಠ ಮಾಡಿದರೆ ನಿಲ್ಲುತ್ತಿದ್ದವು. ಈಗ ಅವು ನಿಲ್ಲದೆ ಸಾಗುವುದರಿಂದ ಅಂಗಡಿಗಳ ವ್ಯಾಪಾರ ಕುಸಿದಿದೆ, ಅದರ ಪೆಟ್ಟು ಅಂಗಡಿಗೆ ಮಾಲು ಕೊಡುವ ಲೇತಿನವರೆಗೂ ಮುಟ್ಟಿದೆ. ಆದ್ದರಿಂದ ಚನ್ನಪಟ್ಟಣ ಇಂದು ದಾರಿಯಲ್ಲಿ ತಾನಾಗಿ ಸಿಗುವ ಊರಲ್ಲ, ಬೇಕೆಂದೇ ಹೋಗಬೇಕಾದ ಊರು. ಬಿಡದಿಗೆ ಮುನ್ನವೇ ಎಕ್ಸ್‌ಪ್ರೆಸ್‌ವೇ ಬದಲು ಹಳೆಯ ರಸ್ತೆಯನ್ನು ಆರಿಸಿಕೊಂಡರೆ ಜಾನಪದ ಲೋಕವೂ ಗೊಂಬೆಯ ಅಂಗಡಿಗಳೂ ಒಂದೇ ಹಾದಿಯಲ್ಲಿ ಸಿಗುತ್ತವೆ. ಭಾನುವಾರ ಹಲವು ವರ್ಕ್‌ಷಾಪುಗಳಲ್ಲಿ ಲೇತು ನಿಂತಿರುವ ಸಂಭವವಿರುವುದರಿಂದ, ಕೆಲಸ ನಡೆಯುವುದನ್ನೇ ನೋಡಬೇಕೆನ್ನುವವರು ವಾರದ ದಿನದಲ್ಲಿ ಒಂದು ರಜೆ ಹಾಕಿ, ಮುಂಚಿತವಾಗಿ ಫೋನಿನಲ್ಲಿ ವಿಚಾರಿಸಿಕೊಂಡು, ಬೆಳಗಿನ ಹೊತ್ತಿಗೇ ಹೊರಡುವುದು ಲೇಸು.